ತುದಿಯೆಲೆಯ ಚುರುಟು

“ಆ ರಾಶಿಗೆ ಕೈ ಹಾಕಿ ನೋಡು, ಮುರಿದು ಕೈಗೇ ಕೊಡ್ತೀನಿ,” ಅಂದೆ.

“ರಾಶಿ ಕಾಯೋನು ನಂಗೆ ಹೇಳಿಕೊಡ್ತೀಯಾ?” ಅಂದ ಎವಾರಿಸ್ತೊ. “ಯಾವ ಎಲೆ ಒಳಗೆ ಹೋಗಬೇಕು, ಯಾವುದು ಹೋಗಬಾರದು ಅಂತ ನಾಲಗೆ ಹೇಳುತ್ತೆ ಮೇಸ್ತ್ರಿ. ನಿನ್ನ ತೋಳು ಹೇಳಲ್ಲ.”

“ಹಂಗಿದ್ರೆ ನಿನ್ನ ನಾಲಗೆಗೆ ಹುಳ ಬಿದ್ದಿದೆ. ಬೂಸಲು ಹಿಡಿದ ಎಲೆ ಅದು.”

“ಬೂಸಲು ಹಿಡಿದಿರೋದು ನಿನ್ನ ತಲೆಗೆ.”

“ನಿಮ್ಮಪ್ಪನ ತಲೆಗೆ.”

ಅಷ್ಟು ಹೊತ್ತಿಗೆ ರಾಶಿಮನೆಯಲ್ಲಿ ಕೆಲಸ ನಿಂತಿತ್ತು. ಬೆಂಚಿನ ಮೇಲೆ ಕೂತು ಎಲೆಯ ನಡುನರ ಕೀಳುತ್ತಿದ್ದ ಹೆಂಗಸರು ಕೈ ಆಡಿಸುವ ಹಾಗೆ ನಟಿಸುತ್ತಾ ಕಿವಿ ಇತ್ತ ಕೊಟ್ಟಿದ್ದರು. ಎಸ್ತೆಲಿಯ ಚುರುಟಿನ ಕಾರ್ಖಾನೆಗಳಲ್ಲಿ ಜಗಳ ದಿನಾ ನಡೆಯುತ್ತದೆ, ಆದರೆ ರುಚಿಗಾರನ ಅಪ್ಪನ ತನಕ ಯಾರೂ ಹೋಗುವುದಿಲ್ಲ.

ನಾನು ಹೋಗಬಹುದು. ಎಲ್ಲರೂ ಅವನಿಗೆ ದೊನ್ ಎವಾರಿಸ್ತೊ ಅನ್ನುತ್ತಾರೆ, ಎದುರಿಗೆ ಬಂದರೆ ಟೊಪ್ಪಿ ತೆಗೆಯುತ್ತಾರೆ. ನನ್ನ ದೊಡ್ಡ ಮಗಳನ್ನು ಇಗರ್ಜಿಯಲ್ಲಿ ತೋಳಿನಲ್ಲಿ ಹಿಡಿದು ಜ್ಞಾನಸ್ನಾನ ಮಾಡಿಸಿದವನು ಅವನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಅಣ್ಣತಮ್ಮಂದಿರು ಆಸ್ತಿ ಪಾಲಾದ ಮೇಲೆ ಮಾತು ಬಿಡಬಹುದು, ಕಂಪಾದ್ರೆಗಳು ಬಿಡುವಂತಿಲ್ಲ. ಕೆಲಸದಲ್ಲೂ ನಮ್ಮಿಬ್ಬರ ಜಾಗ ಒಂದಕ್ಕೊಂದು ಅಂಟಿಕೊಂಡಿತ್ತು. ಒಣಗಿ ಬಂದ ಹೊಗೆಸೊಪ್ಪನ್ನು ಎದೆಯೆತ್ತರ ರಾಶಿ ಹಾಕಿ, ಅದು ತನ್ನ ಬಿಸಿಯಲ್ಲೇ ಬೆಂದು ಹದವಾಗುವ ತನಕ ಕಾಯುವವನು ನಾನು, ಇಲಾರಿಯೊ ಸೆಲೆದೋನ್. ಹದವಾದ ಎಲೆಗಳಲ್ಲಿ ಯಾವುದಕ್ಕೆ ಯಾವುದು ಕೂಡಬೇಕು ಎಂದು ಗೊತ್ತುಮಾಡಿ, ಕಟ್ಟಿದ ಚುರುಟನ್ನು ಮೊದಲು ಸೇದಿ ನೋಡುವವನು ಅವನು.

ಆ ರಾಶಿಯ ಮೇಲಿನ ತಗಡು ತೂತಾಗಿ ಮಳೆಗಾಲದಲ್ಲಿ ಒಂದು ಮಗ್ಗುಲು ನೆನೆದಿತ್ತು. ನಾನು ಅದನ್ನು ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕಬೇಕೆಂದಿದ್ದೆ. ಅವನು ಬೆಳಗ್ಗೆ ತಾನೇ ಬಂದು ಅದೇ ಮಗ್ಗುಲಿನಿಂದ ಎಲೆ ತೆಗೆಸಲು ಹೊರಟಿದ್ದ.

ಸಿಟ್ಟಿನಲ್ಲಿ ನಾನು ಆ ನೆನೆದ ಮಗ್ಗುಲಿನಿಂದ ಒಂದು ಹಿಡಿ ಎಲೆ ಎಳೆದು ಅವನ ಮೂಗಿಗೆ ಹಿಡಿದೆ.

“ಮೂಸು.”

ಅವನು ಎಂದಿನ ಹಾಗೆ ಕಣ್ಣು ಮುಚ್ಚಿಕೊಂಡ. ಪಾದ್ರಿ ಬಟ್ಟಲು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಎಲೆ ಹಿಡಿದು, ಒಂದು ಸಲ ದೂರದಿಂದ, ಒಂದು ಸಲ ಹತ್ತಿರದಿಂದ ಮೂಸಿದ.

“ಒಳ್ಳೇ ಹದ,” ಅಂದ. “ಘಾಟು ಇಳಿದಿದೆ. ಕೋಕೋ ಬರೋಕೆ ಶುರುವಾಗಿದೆ.”

ನಮಗೆ ಬೆನ್ನು ಮಾಡಿ ಕೂತಿದ್ದ ಮುದುಕಿ ತೊಮಾಸಾ ಆಗ ತಲೆ ಕೂಡ ತಿರುಗಿಸದೆ ಅಂದಳು: “ಅಯ್ಯೋ, ಅದ್ಯಾರಪ್ಪ ಒದ್ದೆ ಗೋಣಿಚೀಲ ಬಿಚ್ಚಿದ್ದು? ತಿಂದದ್ದು ಈಚೆಗೆ ಬರೋ ಹಂಗಿದೆ.”

ಹೆಂಗಸರು ನಕ್ಕರು. ಎವಾರಿಸ್ತೊ ಕಣ್ಣು ತೆರೆದ. ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿದ. ಬೆನ್ನಿನ ಕಡೆ ಬೆಳ್ಳಗೆ ನೂಲು ನೂಲಾಗಿ ಬೂಸಲು ಹಬ್ಬಿತ್ತು. ಅವನು ಅದನ್ನು ಕಣ್ಣಿನಿಂದ ನೋಡಿ ತಿಳಿದುಕೊಂಡ. ತಿಳಿದುಕೊಂಡದ್ದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವನು ನೋಡಿದ. ಅವನು ಎಲೆಯನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ.

“ಏನ್ ನೋಡ್ತೀರಿ, ಕೆಲಸ ನೋಡಿ,” ಅಂತ ನಾನು ಹೆಂಗಸರ ಮೇಲೆ ಹರಿಹಾಯ್ದೆ.

ಆ ದಿನವೆಲ್ಲ ತಲೆಯಲ್ಲಿ ಅದೇ ಓಡುತ್ತಿತ್ತು. ಜನವರಿಯಲ್ಲಿ ಅವನಿಗೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತು. ಅದರ ನಂತರ ರುಚಿ ನೋಡುವ ಮೇಜಿನಲ್ಲಿ ಒಂದು ಪದ್ಧತಿ ಬದಲಾಗಿತ್ತು. ಮೊದಲೆಲ್ಲ ಅವನು ಸೇದಿ, ಅವನು ಹೇಳಿ, ಆಮೇಲೆ ಮಿಕ್ಕವರು ಬಾಯಿ ಬಿಡುತ್ತಿದ್ದರು. ಜ್ವರದ ನಂತರ ಅವನು, “ಚಿಕ್ಕವರು ಮೊದಲು ಹೇಳಲಿ, ಕಲೀಲಿ” ಅನ್ನತೊಡಗಿದ. ಮಾರ್ವಿನ್ ಎಂಬ ಎಳೆಯ ರುಚಿಗಾರ ತಡವರಿಸುತ್ತಾ ಏನೋ ಹೇಳುತ್ತಿದ್ದ. ಎವಾರಿಸ್ತೊ ಅದನ್ನೇ ಎತ್ತಿಕೊಂಡು, ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಿ ಮತ್ತೆ ಹೇಳುತ್ತಿದ್ದ. ವಯಸ್ಸಾದ ಮೇಲೆ ಮನುಷ್ಯ ತಗ್ಗಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. ಎವಾರಿಸ್ತೊ ರುಗಾಮಾ ತಗ್ಗುವ ಜಾತಿಯಲ್ಲ ಎಂದು ನನಗೆ ಹೊಳೆದಿರಲಿಲ್ಲ.

ಸಂಜೆ ಅವನು ಕಾರ್ಖಾನೆಯ ಗೇಟಿನ ಹೊರಗೆ ನನಗಾಗಿ ನಿಂತಿದ್ದ. ಇಬ್ಬರೂ ಮನೆಯ ಕಡೆ ನಡೆದೆವು. ಸೇತುವೆ ದಾಟಿದ ಮೇಲೆ ಅವನೇ ಬಾಯಿ ಬಿಟ್ಟ.

“ಕೇಳೋದಿದ್ರೆ ಕೇಳು.”

“ಯಾವಾಗಿಂದ?”

“ಜ್ವರ ಬಿಟ್ಟ ಮೇಲೆ. ಬೆಳಗ್ಗೆ ಎದ್ದು ಕೂತೆ, ಅಂಪಾರೊ ಕಾಫಿ ಕೊಟ್ಟಳು. ಇದೇನೇ ಬಿಸಿನೀರು ಕೊಟ್ಟಿದ್ದೀಯಾ ಅಂತ ಬೈದೆ. ಅವಳು ಲೋಟದೊಳಗೆ ನೋಡಿದಳು, ನನ್ನ ಮುಖ ನೋಡಿದಳು. ಅಷ್ಟೆ.”

“ಡಾಕ್ಟರು?”

“ವಾಸನೆ, ರುಚಿ ವಾಪಸು ಬಂದರೆ ಬಂತು, ಬರದಿದ್ದರೆ ಇಲ್ಲ ಅಂದರು. ಅಷ್ಟು ನಮ್ಮನೆ ನಾಯೀನೂ ಹೇಳ್ತಿತ್ತು.”

“ಈ ಏಳೆಂಟು ತಿಂಗಳು ಎಲೆ ಹೆಂಗೆ ನೋಡಿದೆ ಮತ್ತೆ?”

“ಖಾರ ಗೊತ್ತಾಗುತ್ತೆ. ಉರಿ ಗೊತ್ತಾಗುತ್ತೆ. ಬಲ ಗೊತ್ತಾಗುತ್ತೆ. ಬಲ ನಾಲಗೇಲಿ ಇರೋದಲ್ಲವಲ್ಲ, ಎದೇಲಿ, ಹೊಟ್ಟೇಲಿ. ಕೆನ್ನೆ ಪಕ್ಕ ಬೆವರು ಬಂದರೆ ಇಷ್ಟು ಬಲ ಅಂತ ಅಂದಾಜು. ಮಿಕ್ಕಿದ್ದು ನೆನಪಿಂದ ನಡೆಸ್ತಿದ್ದೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. “ನಂಗೆ ಹೇಳೋಕೆ ಏನಾಗಿತ್ತು ನಿನಗೆ ರೋಗ?”

“ನಿನಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ನೀನು ಗುಟ್ಟು ಹೇಳೋದೂ ಸಂತೆ ಗಂಟಲಲ್ಲೇ.”

ಅದು ನಿಜ. ಇಬ್ಬರೂ ಸ್ವಲ್ಪ ನಕ್ಕೆವು.

ಆಮೇಲೆ ಅವನು ವಿಷಯಕ್ಕೆ ಬಂದ. ನಮ್ಮ ಕಾರ್ಖಾನೆಯ ಒಡತಿ ದೋನ್ಯಾ ಗ್ರಾಸಿಯೆಲಾ ಹೊಸ ಚುರುಟು ಒಂದನ್ನು ಕೇಳಿದ್ದರು. ಈ ಕಾರ್ಖಾನೆಯಿಂದ ಈತನಕ ಹೊರಟ ಎಲ್ಲ ಚುರುಟಿಗಿಂತಲೂ ಬಲವಾದದ್ದು. ಎವಾರಿಸ್ತೊ ತಿಂಗಳುಗಟ್ಟಲೆ ಕೂತು ಅದನ್ನು ಕೂಡಿಸಿದ್ದ. ಒಂದು ಸಲವೂ ರುಚಿ ಸಿಗದೆ, ಬರೀ ನೆನಪಿನಿಂದ. ಸೋಮವಾರ ಬೆಳಗ್ಗೆ ಅದನ್ನು ಒಡತಿಯ ಮುಂದೆ ಇಡಬೇಕು.

“ಮಾರ್ವಿನ್‌ಗೆ ಕೊಟ್ಟು ನೋಡಿದೆಯಾ?”

“ಕೊಟ್ಟೆ. ‘ಬಲವಾಗಿದೆ ದೊನ್ ಎವಾರಿಸ್ತೊ’ ಅಂದ. ‘ಮತ್ತೆ?’ ಅಂದೆ. ‘ಬಹಳ ಬಲವಾಗಿದೆ’ ಅಂದ. ನಾನೇನು ಎತ್ತು ಮಾರೋಕೆ ಕೂತಿದ್ದೆನಾ? ಬಲ ಬಿಟ್ಟು ಇನ್ನೇನಿದೆ ಹೇಳಪ್ಪಾ ಅಂತ ಗೋಗರೆದೆ. ‘ನನ್ನ ನಾಲಗೆ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ’ ಅಂದ.”

ನಮ್ಮಲ್ಲಿ ಇದೊಂದು ರೋಗವಿದೆ. ಬಲವಾದ ಚುರುಟು ಸೇದಿ ಕೆಟ್ಟದಾಗಿದೆ ಅನ್ನಲು ಯಾವ ಗಂಡಸಿಗೂ ಧೈರ್ಯವಿಲ್ಲ. ಇವನಿಗೆ ತಡೆಯಲಾಗಲಿಲ್ಲ, ತಲೆ ತಿರುಗಿತು ಅಂತ ಆಡಿಕೊಳ್ಳುತ್ತಾರಲ್ಲ. ಅದಕ್ಕೇ ಮುಖ ಹಸಿರಾದರೂ ತಲೆದೂಗುತ್ತಾರೆ. ಅದರ ಮೇಲೆ ಕಟ್ಟಿದವನು ದೊನ್ ಎವಾರಿಸ್ತೊ.

“ಭಾನುವಾರ ಮನೆಗೆ ಬಾ,” ಅಂದ. “ಸೇದಿ ಹೇಳು.”

“ನಾನೇನು ರುಚಿಗಾರನಾ?”

“ನಿನಗೆ ಮರ್ಯಾದೆ ಇಲ್ಲ ಕಂಪಾದ್ರೆ. ನಂಗೆ ಈಗ ಅದೇ ಬೇಕಾಗಿರೋದು. ಕಿವುಡಾದವನೂ ಗಿಟಾರು ನುಡಿಸ್ತಾನೆ, ಬೆರಳಿಗೆ ನೆನಪಿರುತ್ತೆ. ನಂಗೂ ಎಲ್ಲಾ ನೆನಪಿದೆ. ಇದು ಸರಿಯಾಗಿ ಬಂದಿದೆ ಅಂದರೆ, ಆ ಕುರ್ಚಿ ನಾನು ಬಿಡಲ್ಲ, ನೆನಪಲ್ಲೇ ಸಾಯೋ ತನಕ ನಡೆಸ್ತೀನಿ.”

“ಬಂದಿಲ್ಲ ಅಂದರೆ?”

“ಮೊದಲು ಸೇದು.”

ಅವನಿಗೆ ನೆನಪಿತ್ತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬಲವಾದ ಚುರುಟು ಅಂದರೆ ಏನು ಎಂದು ನನಗೆ ಕಲಿಸಿದವನೇ ಅವನು. ಹಳ್ಳಿಯಲ್ಲಿ ನಾವು ಕೈಗೆ ಸಿಕ್ಕ ಎಲೆ ಸುತ್ತಿ ಬಾಯಿಗಿಡುತ್ತಿದ್ದವರು. ಗಂಟಲು ಸುಟ್ಟರೆ ಅದೇ ಬಲ. ನಾನು ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಅವನು ಒಂದು ದಿನ ಊಟವಾದ ಮೇಲೆ ನನ್ನನ್ನು ಕೂಡಿಸಿಕೊಂಡು ತಾನು ಕಟ್ಟಿದ್ದೊಂದನ್ನು ಕೊಟ್ಟ. ಹಚ್ಚಬೇಡ, ಮೊದಲು ಹಾಗೇ ಎಳೆದು ನೋಡು ಅಂದ. ಹಸಿ ಎಳೆತದಲ್ಲೇ ಒಣದ್ರಾಕ್ಷಿಯ ಸಿಹಿ ತುಟಿಗೆ ಬಂತು. ಹಚ್ಚಿದ ಮೇಲೆ ಹೊಗೆ ಎದೆಗೆ ಎಳೆಯಬೇಡ, ಬಾಯಲ್ಲಿ ಹೊರಳಿಸಿ ಅರ್ಧ ಮೂಗಿನಲ್ಲಿ ಬಿಡು ಅಂದ. ಬಿಟ್ಟೆ. ಒಡೆದ ಕರಿಮೆಣಸು ಮೂಗಿನ ಬುಡಕ್ಕೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಕೋಕೋ, ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಹುರಿದ ಕಾಫಿಬೀಜ, ಬಿಸಿಲಿಗಿಟ್ಟ ಜೀನಿನ ತೊಗಲು, ಒಂದರ ಹಿಂದೆ ಒಂದು ಬಂದವು. ಅರ್ಧ ಮುಗಿಯುವ ಹೊತ್ತಿಗೆ ಭುಜಗಳು ಭಾರವಾದವು, ಕೂತಲ್ಲೇ ನೆಲಕ್ಕೆ ಇಳಿದ ಹಾಗಾಯಿತು. ಗಿಡದ ತುತ್ತತುದಿಯಲ್ಲಿ ಎಲ್ಲ ಬಿಸಿಲನ್ನೂ ಕುಡಿದು ದಪ್ಪಗಾದ ಎಲೆ ಮಾಡುವ ಕೆಲಸ ಅದು. “ತುದಿಯೆಲೆ ಗುದ್ದುತ್ತೆ,” ಅಂದಿದ್ದ ಅವನು, “ಗುದ್ದಿಸಿಕೊಳ್ಳೋದರಲ್ಲಿ ಏನು ದೊಡ್ಡಸ್ತಿಕೆ? ಅದಕ್ಕೆ ಕೂರೋಕೆ ಒಂದು ಸಿಹಿ ಎಲೆ ಹಾಸಬೇಕು. ಆಮೇಲೆ ನೋಡು, ಅದು ಮಾತಾಡುತ್ತೆ.” ಆ ಚುರುಟನ್ನು ನಾನು ಬೆರಳು ಸುಡುವ ತನಕ ಬಿಡಲಿಲ್ಲ.

ಭಾನುವಾರ ಹೋದೆ. ಅವನ ಹೆಂಡತಿ ಅಂಪಾರೊ ಗೇಟಿನ ಹತ್ತಿರವೇ ನನ್ನನ್ನು ಹಿಡಿದಳು. ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಬಂದ ಬಟ್ಟೆಯಲ್ಲೇ ಇದ್ದಳು.

“ಚೆನ್ನಾಗಿದೆ ಅಂದುಬಿಡಿ ಕಂಪಾದ್ರೆ.”

“ಇನ್ನೂ ಸೇದೇ ಇಲ್ಲ ಕೊಮಾದ್ರೆ.”

“ಸೇದಿ ಚೆನ್ನಾಗಿದೆ ಅನ್ನಿ. ನಿಮಗೇನು ಗೊತ್ತು ಈ ಮನೇಲಿ ಹೆಂಗೆ ನಡೀತಿದೆ ಅಂತ. ಅಡುಗೆಮನೇಲಿ ಕೂತು ಡಬ್ಬಿ ಡಬ್ಬಿ ಬಿಚ್ಚಿ ಮೂಸ್ತಾರೆ. ಸೋಪು ಮೂಸ್ತಾರೆ, ಸೀಮೆಎಣ್ಣೆ ಮೂಸ್ತಾರೆ, ತಮ್ಮ ಅಂಗಿ ತಾವೇ ಮೂಸ್ತಾರೆ. ಮೊನ್ನೆ ಅನ್ನ ಸೀದುಹೋಗಿ ಪಕ್ಕದ ಮನೆಯವರು ಓಡಿಬಂದರು, ಇವರು ಒಲೆ ಮುಂದೇ ಕೂತಿದ್ರು. ಈಗ ಉಳಿದಿರೋದು ಈ ಚುರುಟೊಂದೇ.”

“ನಂಗೆ ಸುಳ್ಳು ಹೇಳೋಕೆ ಬರಲ್ಲ.”

“ಕಲೀರಿ. ಐವತ್ತು ದಾಟಿತು, ಇನ್ನೂ ಬರಲ್ಲ ಅಂದ್ರೆ? ನನ್ನ ಗಂಡ ಅಲ್ವಾ ಅವರು, ನಿಮ್ಮ ನಾಲಗೆ ಒಂದು ದಿನ ಮಡಚಿಕೊಂಡರೆ ಉದುರಿಹೋಗಲ್ಲ.”

ಹಿತ್ತಲಿನ ಮರದ ಕೆಳಗೆ ಎವಾರಿಸ್ತೊ ಎರಡು ಕುರ್ಚಿ ಹಾಕಿ ಕಾಯುತ್ತಿದ್ದ. ಕ್ಷೌರ ಮಾಡಿಕೊಂಡು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಖಾಲಿ ಹೊಟ್ಟೆಯಲ್ಲಿ ಬಲವಾದ ಚುರುಟು ಮುಟ್ಟಬಾರದು, ಅದಕ್ಕೆ ಅಂಪಾರೊ ಮೊದಲು ನಕತಮಾಲ್ ತಂದಿಟ್ಟಳು. ಬಾಳೆಲೆ ಬಿಚ್ಚಿದಾಗ ಬೆಂದ ಜೋಳದ ಹಿಟ್ಟಿನ, ಹಂದಿಮಾಂಸದ ಹಬೆ ಮುಖಕ್ಕೆ ಹೊಡೆಯಿತು. ನಾನು ಬಾಯಿ ಚಪ್ಪರಿಸಬಾರದೆಂದು ಮೊದಲ ಸಲ ಜಾಗ್ರತೆಯಿಂದ ತಿಂದೆ. ಅವನು ಎರಡು ತುತ್ತು ತಿಂದು ಮಿಕ್ಕಿದ್ದನ್ನು ಎಲೆಯಲ್ಲೇ ಮಡಚಿದ. ತಟ್ಟೆ ತೆಗೆದಮೇಲೆ ಅವಳು ಒಂದು ಉಂಡೆ ಬೆಲ್ಲ ಇಟ್ಟುಹೋದಳು. ತಲೆ ತಿರುಗಿದರೆ ಅದನ್ನು ಬಾಯಿಗೆ ಹಾಕಿಕೊಳ್ಳಬೇಕು.

ಎವಾರಿಸ್ತೊ ಚುರುಟನ್ನು ಕೊಟ್ಟ. ಕಟ್ಟಿದ್ದು ಬಲು ಚೆನ್ನಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಹೊದಿಕೆ ಎಲೆ ಹಳೆಯ ಪೆಟ್ಟಿಗೆಯ ಮರದ ಹಾಗೆ ಕಪ್ಪುಗಂದು, ಎಣ್ಣೆ ಒಸರುವಂತೆ ಮಿನುಗುತ್ತಿತ್ತು. ಹಿಸುಕಿದರೆ ಎಲ್ಲೂ ಮೆದುವಿಲ್ಲ, ಎಲ್ಲೂ ಗಂಟಿಲ್ಲ. ತುದಿ ಕತ್ತರಿಸಿ ಹಚ್ಚದೆ ಎಳೆದೆ.

“ಏನು?”

“ಹುಲ್ಲು. ಒಣಹುಲ್ಲು.”

“ಅಷ್ಟೇನಾ?”

“ತಡಿ, ಇನ್ನೂ ಹಚ್ಚಿಲ್ಲ.”

ಕಡ್ಡಿ ಗೀರಿ, ಬೆಂಕಿ ಮುಟ್ಟಿಸದೆ ತುಸು ದೂರ ಹಿಡಿದು, ಬುಡವನ್ನೆಲ್ಲ ಸುತ್ತಲೂ ಕೆಂಪು ಮಾಡಿದೆ. ಮೊದಲ ಹೊಗೆ ಬಿಟ್ಟೆ. ಎರಡನೆಯದನ್ನು ಮೂಗಿನಲ್ಲಿ ಬಿಟ್ಟೆ. ಮೆಣಸು ಬಡಿಯಿತು. ನನಗೆ ಹೋದ ಜೀವ ಬಂದ ಹಾಗಾಯಿತು.

“ಮೆಣಸಿದೆ,” ಅಂದೆ. “ಒಡೆದ ಕರಿಮೆಣಸು. ಮೂಗಿನ ಬುಡದಲ್ಲಿ.”

“ಅದು ನಮ್ಮ ಎಸ್ತೆಲಿ ಕಪ್ಪುನೆಲದ ತುದಿಯೆಲೆ.” ಅವನ ಮುಖ ಬೆಳಗಿತು. ಕುರ್ಚಿ ಹತ್ತಿರ ಎಳೆದುಕೊಂಡ. “ಅದರ ಹಿಂದೆ?”

“ಹಿಂದೆ ಏನು ಬರಬೇಕು?”

“ನಾನು ಹೇಳಲ್ಲ. ನೀನು ಹೇಳು.”

ಕಾದೆ. ಹೊಗೆಯನ್ನು ಬಾಯಲ್ಲಿ ಹೊರಳಿಸಿದೆ, ಕೆನ್ನೆಯ ಒಳಗೆಲ್ಲ ತಿರುಗಿಸಿದೆ. ಬೂದಿ ಬೆಳ್ಳಗೆ, ಗಟ್ಟಿಯಾಗಿ ಬೆಳೆಯುತ್ತಾ ಬಂತು. ಉರಿ ಸಮವಾಗಿತ್ತು. ಕೈಗೆ, ಕಣ್ಣಿಗೆ ಬೇಕಾದ್ದೆಲ್ಲ ಅದರಲ್ಲಿತ್ತು. ಬಾಯಿಗೆ ಬಂದದ್ದು ಹುರುಳಿ ಮಡಕೆಯ ತಳ ಸೀದ ಕಹಿ.

“ಇನ್ನೂ ಬಂದಿಲ್ಲ,” ಅಂದೆ.

“ಅವಸರ ಮಾಡಬೇಡ. ನಿಧಾನ ಸೇದು. ಬಿಸಿ ಮಾಡಿದರೆ ಮುನಿಸಿಕೊಳ್ಳುತ್ತೆ.”

ನಿಧಾನ ಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ, ಅವನ ಬೆನ್ನ ಹಿಂದೆ, ಅಂಪಾರೊ ಬಂದು ನಿಂತಳು. ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನನ್ನನ್ನೇ ನೋಡುತ್ತಿದ್ದಳು.

ಚುರುಟು ಅರ್ಧಕ್ಕೆ ಬರುವ ಹೊತ್ತಿಗೆ ಬಲ ಇಳಿಯತೊಡಗಿತು. ಅಂಥ ಬಲವನ್ನು ನಾನು ಕಂಡಿರಲಿಲ್ಲ. ಕೆನ್ನೆಯ ಪಕ್ಕ ತಣ್ಣಗೆ ಬೆವರಿತು, ಮರದ ಕೊಂಬೆಗಳು ದೂರ ಸರಿದವು. ಬೆಲ್ಲ ಕಚ್ಚಿದೆ.

“ಕೋಕೋ ಬಂತಾ?” ಅಂದ ಎವಾರಿಸ್ತೊ. ಹೇಳಲ್ಲ ಅಂದವನು ತಾನೇ ಹೇಳಿಕೊಡತೊಡಗಿದ್ದ.

“ಇಲ್ಲ.”

“ಒಣದ್ರಾಕ್ಷಿ ಥರ ಒಂದು ಸಿಹಿ ಇರಬೇಕು ನೋಡು, ನಾಲಗೆ ಅಂಚಲ್ಲಿ. ಅಡಿಗೆ ಹಾಸಿರೋ ಸಿಹಿ ಎಲೆದು, ಜಲಾಪಾ ಕಡೆಯ ಎಲೆ.”

“ಬೆಲ್ಲದ ಸಿಹಿ ಇದೆ. ಎಲೆದಿಲ್ಲ.”

“ಬಾಯಿ ಮುಕ್ಕಳಿಸು. ಮತ್ತೆ ನೋಡು.”

ಮುಕ್ಕಳಿಸಿ ನೋಡಿದೆ. ಇಲ್ಲ ಅಂದೆ.

“ತೊಗಲು? ಹುರಿದ ಕಾಫಿ?”

“ಇಲ್ಲ ಕಂಪಾದ್ರೆ.”

“ನಿನಗೆ ನೆಗಡಿ ಇರಬೇಕು.”

“ಇಲ್ಲ.”

ಅಂಪಾರೊ ಬಾಗಿಲಲ್ಲೇ ಕೈ ಮುಗಿದಳು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಆ ಕ್ಷಣದಲ್ಲಿ ಒಂದು ಮಾತು ಅಂದುಬಿಡಬಹುದಿತ್ತು. ಸೋಮವಾರ ಒಡತಿಯ ಮುಂದೆ, ಚುರುಟು ಕೊಳ್ಳಲು ಬರುವವರ ಮುಂದೆ, ಅದೇ ಕಹಿ ಹೊಗೆ ಏಳುತ್ತಿತ್ತು. ಅವರು ಮಾರ್ವಿನ್ ಅಲ್ಲ, ಮುಖಕ್ಕೆ ಹೇಳುತ್ತಾರೆ. ಅವರು ಹೇಳುವುದಕ್ಕಿಂತ ನಾನು ಹೇಳುವುದು ವಾಸಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

“ಬಲ ಇದೆ,” ಅಂದೆ. “ಎತ್ತಿನಷ್ಟಿದೆ. ಆದರೆ ಬರೀ ಎತ್ತು. ನೇಗಿಲಿಲ್ಲ, ಹೊಲ ಇಲ್ಲ, ಹೊಡೆಯೋ ಮನುಷ್ಯನೂ ಇಲ್ಲ. ಹಾಯ್ತಾ ಇದೆ ಅಷ್ಟೆ.”

ಅವನು ಕುರ್ಚಿಯ ಬೆನ್ನಿಗೆ ಒರಗಿದ.

“ನೀನು ಕೂಡಿಸಿದ್ದು ತಪ್ಪಲ್ಲ ಕಂಪಾದ್ರೆ. ಈಗ ರಾಶಿಯಿಂದ ಬರ್ತಾ ಇರೋ ಜಲಾಪಾ ಎಲೆ, ಕೊಯ್ಲಿನಲ್ಲಿ ಮಳೆ ಹಿಡೀತಲ್ಲ, ಆ ಬೆಳೆದು. ತೆಳ್ಳಗಿದೆ. ಸಿಹಿ ಕಟ್ಟಿಲ್ಲ. ಅದರ ಮೇಲೆ ತುದಿಯೆಲೆ ಎಲ್ಲಿ ಕೂರುತ್ತೆ? ನೀನು ಅದರ ಹಿಂದಿನ ಬೆಳೆ ನೆನಪಿಟ್ಟುಕೊಂಡು ಈ ಬೆಳೆ ಎಲೆ ಕಟ್ಟಿದ್ದೀಯ. ನಿನ್ನ ನೆನಪು ಸರಿಯಾಗೇ ಇದೆ. ಎಲೆ ಬೇರೆ.”

“ಹಂಗಿದ್ರೆ ಜಲಾಪಾ ಎಲೆ ಇನ್ನೊಂದು ಸ್ವಲ್ಪ ಜಾಸ್ತಿ ಹಾಕಿದರೆ?” ಅವನು ಮುಂದಕ್ಕೆ ಬಾಗಿದ. “ತುದಿಯೆಲೆ ಒಂದು ಕಮ್ಮಿ ಮಾಡಿ...”

“ಯಾರು ಸೇದಿ ನೋಡೋದು?”

“ನೀನು.”

“ಈ ಸಲ ನಾನು. ಮುಂದಿನ ಬೆಳೆಗೆ?”

“ಆಗಲೂ ನೀನೇ. ನೀನು ಹೇಳು, ನಾನು ಕೂಡಿಸ್ತೀನಿ.”

“ನಂಗೆ ಮೆಣಸು ಗೊತ್ತಾಗುತ್ತೆ, ಕೋಕೋ ಗೊತ್ತಾಗುತ್ತೆ. ನೀನು ಅವೆರಡರ ಮಧ್ಯೆ ಏನೇನೋ ಕೇಳಿಸಿಕೊಳ್ತಿದ್ದೆ. ಅದು ನಂಗೆ ಹುಟ್ಟಿದಾಗಿಂದ ಇಲ್ಲ. ಕುರುಡನಿಗೆ ಮೆಳ್ಳಗಣ್ಣಿನವನು ದಾರಿ ತೋರಿಸಿದ ಹಾಗಾಗುತ್ತೆ.”

ಇದನ್ನು ನಾನು ಬೇರೆ ಹೇಳಬೇಕಾಗಿರಲಿಲ್ಲ. ಒಂದೇ ಹೊಲ, ಒಂದೇ ಬೀಜ, ಆದರೆ ಎರಡು ಬೆಳೆ ಎಂದೂ ಒಂದೇ ಅಲ್ಲ ಎಂದು ಮೇಜಿನ ಸುತ್ತ ಕೂತ ಚಿಕ್ಕವರಿಗೆಲ್ಲ ಪಾಠ ಹೇಳಿದವನು ಅವನೇ. ಪ್ರತಿ ಬೆಳೆಗೂ ರುಚಿಗಾರ ಹೊಸದಾಗಿ ಕೂತು, ಮೊದಲಿನಿಂದ ಸೇದಬೇಕು. ಹಳೆಯ ಅಳತೆ ಹಾಕಿದವನ ಕೈಕೆಳಗೆ ಚುರುಟು ಸಾಯುತ್ತದೆ. ಇಷ್ಟೆಲ್ಲ ಗೊತ್ತಿದ್ದವನು ತನ್ನ ಸರದಿ ಬಂದಾಗ ಹಳೆಯ ಬೆಳೆಯನ್ನೇ ತಬ್ಬಿಕೊಂಡು ಕೂತಿದ್ದ.

ಎವಾರಿಸ್ತೊ ಕೈ ಚಾಚಿದ. ಚುರುಟು ಕೊಟ್ಟೆ. ಅವನು ನಿಧಾನವಾಗಿ, ಬೇರೆಯವರಿಗೆ ಹೇಳಿಕೊಡುವಾಗ ಎಳೆಯುತ್ತಿದ್ದಷ್ಟೇ ಚಂದವಾಗಿ ಎಳೆದ. ಹೊಗೆ ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡ. ಅರ್ಧವನ್ನು ಮೂಗಿನಲ್ಲಿ ಬಿಟ್ಟ. ಕಣ್ಣು ಮುಚ್ಚಿ, ಪಕ್ಕದ ಮನೆಯ ರೇಡಿಯೋ ಕೇಳುವವನ ಹಾಗೆ ತಲೆ ಒಂದು ಕಡೆಗೆ ವಾಲಿಸಿ ಕೂತ. ಬೂದಿ ಅವನ ಬಿಳಿ ಅಂಗಿಯ ಮೇಲೆ ಉದುರಿತು. ಒರೆಸಿಕೊಳ್ಳಲಿಲ್ಲ.

“ಬಿಸಿ ಇದೆ,” ಅಂದ. “ಅಷ್ಟೆ.”

ಚುರುಟನ್ನು ನನಗೆ ವಾಪಸು ಕೊಟ್ಟು ಎದ್ದು ನಿಂತ. ಗೂಟದಲ್ಲಿದ್ದ ಟೊಪ್ಪಿ ತೆಗೆದುಕೊಂಡ.

“ಎಲ್ಲಿಗೆ?” ಅಂದೆ.

“ಸ್ವಲ್ಪ ನಡೆದು ಬರ್ತೀನಿ. ಕಾಲು ಹಿಡಿದಿದೆ.”

“ನಾನೂ ಬರ್ತೀನಿ ತಡಿ.”

“ನೀನು ಕೂತು ಅದನ್ನ ಮುಗಿಸು. ಬೆಲ್ಲ ತಿನ್ನು, ಮುಖ ಹಸಿರಾಗಿದೆ ನಿಂದು.”

ಅಂಪಾರೊ ಬಾಗಿಲಿನಿಂದ ಇಳಿದು ಬಂದಳು. “ಕಾಫಿಗೆ ಇಟ್ಟಿದ್ದೀನಿ. ಕುಡಿದು ಹೋಗಿ.”

ಅವನು ಅವಳ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು ಅಂಗಿಯ ಮೇಲಿನ ಬೂದಿ ಒರೆಸಿಕೊಂಡ, ಬಟ್ಟೆಯನ್ನು ಮಡಚಿ ಅವಳ ಭುಜದ ಮೇಲೆ ಹಾಕಿದ. “ಕಂಪಾದ್ರೆಗೆ ಕೊಡು,” ಅಂದ. ಗೇಟು ಸಪ್ಪಳವಿಲ್ಲದೆ ತೆರೆದು, ಸಪ್ಪಳವಿಲ್ಲದೆ ಮುಚ್ಚಿ, ಹೆದ್ದಾರಿಯ ಕಡೆ ಇಳಿದುಹೋದ.

ನಾನು ಎದ್ದು ಹಿಂದೆ ಹೋಗಲು ನೋಡಿದೆ. ಎಲ್ಲ ಬಲವೂ ಚುರುಟಿನಲ್ಲಿತ್ತು. ಎರಡು ಹೆಜ್ಜೆ ಇಟ್ಟು ಮರ ಹಿಡಿದುಕೊಂಡೆ, ಮತ್ತೆ ಕುರ್ಚಿಗೆ ಬಿದ್ದೆ. ಅಂಪಾರೊ ನನಗೆ ಕೈ ಕೊಡಲಿಲ್ಲ.

“ಒಂದು ಮಾತು, ಕಂಪಾದ್ರೆ,” ಅಂದಳು. “ಒಂದೇ ಒಂದು ಸುಳ್ಳು ಮಾತು ಕೇಳಿದೆ ನಿಮ್ಮನ್ನ.”

“ನಾಳೆ ಒಡತಿ ಹೇಳ್ತಿದ್ದರು.”

“ನಾಳೆ ತಾನೆ. ಇವತ್ತು ಒಂದು ದಿನ ಸಿಗ್ತಿತ್ತು.”

ನನಗೆ ಸಿಟ್ಟು ಬಂತು. ಆ ಸಿಟ್ಟಿಗೆ ಅಲ್ಲಿ ಜಾಗ ಇರಲಿಲ್ಲ. ಅವಳು ಒಳಗೆ ಹೋಗಿ ಕಾಫಿ ತಂದು ನನ್ನ ಮುಂದೆ ಕುಕ್ಕಿದಳು. ಕುಡಿದೆ. ಒಳ್ಳೆಯ ಕಾಫಿ ಅದು, ಗಮ್ಮೆನ್ನುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವ ಬಸ್ಸು ನಿಂತ ಸದ್ದಾಯಿತು, ಮತ್ತೆ ಹೊರಟ ಸದ್ದಾಯಿತು. ಅಂಪಾರೊ ಅತ್ತ ತಿರುಗಿ ನೋಡಿದಳು. ಸಂಜೆ ಕೋಳಿಗಳು ಮರ ಹತ್ತಿದ ಮೇಲೂ ಇಬ್ಬರೂ ಒಂದೇ ಕಡೆ ನೋಡುತ್ತಾ ಕೂತಿದ್ದೆವು. ಎವಾರಿಸ್ತೊ ಬರಲಿಲ್ಲ. ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.